ಜಾಗ ಇದ್ರೂ "ನೋ ಸ್ಪೇಸ್ ಲೆಫ್ಟ್" ಅಂತ ಯಾಕೆ ಬರುತ್ತೆ

ಲಿನಕ್ಸ್ ಸರ್ವರ್‌ನಲ್ಲಿ ರಾತ್ರಿ ಕ್ರಾನ್‌ನಿಂದ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡೋ ವ್ಯವಸ್ಥೆ) ಓಡೋ ಒಂದು ಬ್ಯಾಷ್ ಸ್ಕ್ರಿಪ್ಟ್ (ಬ್ಯಾಷ್ ಅಂದ್ರೆ ಕಮಾಂಡ್ ಓಡಿಸೋ ಶೆಲ್), ಡೇಟಾಬೇಸ್‌ನಿಂದ ಲೆಕ್ಕ ತೆಗೆದು ರಿಪೋರ್ಟ್ ಮಾಡೋದು ಅದರ ಕೆಲಸ. ಒಂದಿನ ರಿಪೋರ್ಟ್ ಪೂರ್ತಿ ಖಾಲಿ, ಆದ್ರೆ ಎಕ್ಸಿಟ್ ಕೋಡ್ ಸೊನ್ನೆ, ಅಂದ್ರೆ ಎಲ್ಲಾ ಸರಿ, ಕೊನೇಲಿ "ಡನ್" ಅಂತ ಬೇರೆ ಪ್ರಿಂಟ್ ಆಗಿದೆ. ಲಾಗ್ ಮೇಲಕ್ಕೆ ಸ್ಕ್ರಾಲ್ ಮಾಡಿದ್ರೆ ಮಧ್ಯದಲ್ಲಿ ಒಂದೇ ಸಾಲು: "ಕ್ಯಾನಾಟ್ ಕ್ರಿಯೇಟ್ ಟೆಂಪ್ ಫೈಲ್ ಫಾರ್ ಹಿಯರ್-ಡಾಕ್ಯುಮೆಂಟ್: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್".

ಸ್ಕ್ರಿಪ್ಟ್‌ನಲ್ಲಿ ಎಲ್ಲೂ ಟೆಂಪ್ ಫೈಲ್ ಮಾಡಿಲ್ವಲ್ಲ ಅನ್ಸುತ್ತೆ, ಆದ್ರೆ ಹಿಯರ್-ಡಾಕ್ (ಸ್ಕ್ರಿಪ್ಟ್ ಒಳಗೇ ಬರೆದು ಕಮಾಂಡ್‌ಗೆ ಇನ್‌ಪುಟ್ ಆಗಿ ಕೊಡೋ ಪಠ್ಯ) ಬರೆದ್ರೆ ಬ್ಯಾಷ್ ತಾನೇ ತಾತ್ಕಾಲಿಕ ಫೈಲ್‌ಗಳ ಫೋಲ್ಡರ್ ಆದ /ಟೆಂಪ್‌ನಲ್ಲಿ ಒಂದು ಫೈಲ್ ಮಾಡಿ ಅದನ್ನ ಕಮಾಂಡ್‌ಗೆ ಕೊಡುತ್ತೆ, ಫೈಲ್ ಮಾಡೋಕೆ ಆಗ್ಲಿಲ್ಲ ಅಂದ್ರೆ ಆ ಕಮಾಂಡ್ ಓಡೋದೇ ಇಲ್ಲ, ಎರರ್ ಬಂದ ಕೂಡ್ಲೇ ನಿಲ್ಲಿಸೋ ಸೆಟ್ -ಇ ಇಲ್ದಿದ್ರೆ ಸ್ಕ್ರಿಪ್ಟ್ ಏನೂ ಆಗೇ ಇಲ್ಲ ಅನ್ನೋ ಥರ ಮುಂದಿನ ಸಾಲಿಗೆ ಹೋಗಿಬಿಡುತ್ತೆ. 2020ರ ಡಿಸೆಂಬರ್‌ನಲ್ಲಿ ಬಂದ ಬ್ಯಾಷ್ 5.1ರಿಂದ ಚಿಕ್ಕ ಹಿಯರ್-ಡಾಕ್ ಪೈಪ್‌ನಲ್ಲೇ (ಮೆಮೊರಿಯಲ್ಲೇ ಡೇಟಾ ದಾಟಿಸೋ ದಾರಿ) ಹೋಗುತ್ತೆ, ಫೈಲ್ ಬೇಕಾಗಲ್ಲ. ಅದಕ್ಕೇ ಇದೇ ಸ್ಕ್ರಿಪ್ಟ್ ಹೊಸ ಮಷೀನ್‌ನಲ್ಲಿ ಚೆನ್ನಾಗೇ ಓಡ್ತಿತ್ತು, ಹಳೇ ಸರ್ವರ್‌ನಲ್ಲಿ ಮಾತ್ರ ತಕರಾರು.

ಸರಿ, ಡಿಸ್ಕ್ ಜಾಗ ತೋರಿಸೋ ಡಿಎಫ್ -ಎಚ್ ಹಾಕಿದ್ರೆ /ಟೆಂಪ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಇದೆ! ಇಲ್ಲೇ ತುಂಬಾ ಜನ ದಾರಿ ತಪ್ಪೋದು, ಪರ್ಮಿಷನ್ ನೋಡ್ತಾರೆ, ರೀಬೂಟ್ ಮಾಡ್ತಾರೆ. ನೋಡಬೇಕಾಗಿರೋದು ಡಿಎಫ್ -ಐ. ಅದು ಐಯೂಸ್ ಕಾಲಮ್‌ನಲ್ಲಿ 100% ತೋರಿಸ್ತು, ಅಂದ್ರೆ ಇನೋಡ್ (ಫೈಲ್‌ನ ವಿವರ ಇಡೋ ದಾಖಲೆ) ಮುಗಿದಿದೆ. ಪ್ರತಿ ಫೈಲ್‌ಗೂ ಒಂದು ಇನೋಡ್ ಬೇಕು, ಫೈಲ್ ಸೊನ್ನೆ ಬೈಟ್ ಇದ್ರೂ ಬೇಕು. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಲ್ಲಿ ಫಾರ್ಮ್ಯಾಟ್ ಮಾಡುವಾಗ್ಲೇ ಎಷ್ಟು ಇನೋಡ್ ಅಂತ ಫಿಕ್ಸ್ ಆಗುತ್ತೆ, ಸಾಮಾನ್ಯವಾಗಿ 16 ಕೆಬಿಗೆ ಒಂದು, ಹಾಗಾಗಿ 2 ಜಿಬಿ ಪಾರ್ಟಿಷನ್‌ಗೆ ಸಿಗೋದು ಸುಮಾರು 1,31,000. ಇನ್ನೊಂದು ಮಾನಿಟರಿಂಗ್ ಸ್ಕ್ರಿಪ್ಟ್ ನಿಮಿಷಕ್ಕೊಂದ್ಸಲ ಎಮ್‌ಕೆಟೆಂಪ್ ಕಮಾಂಡ್‌ನಿಂದ ಟೆಂಪ್ ಫೈಲ್ ಮಾಡಿ ಅಳಿಸದೇ ಬಿಡ್ತಿತ್ತು. ದಿನಕ್ಕೆ 1,440 ಫೈಲ್, ಮೂರು ತಿಂಗಳಲ್ಲಿ ಎಲ್ಲಾ ಖರ್ಚು. ಹಳೇ ಫೈಲ್ ತಾನಾಗೇ ತೆಗೆಯೋ ಸಿಸ್ಟಮ್‌ಡಿ-ಟೆಂಪ್‌ಫೈಲ್ಸ್ ಆ ಸರ್ವರ್‌ನಲ್ಲಿ ಆಫ್ ಇತ್ತು.

ಕ್ಲೀನ್ ಮಾಡೋಕೆ ಅಳಿಸೋ ಕಮಾಂಡ್ ಆರ್‌ಎಮ್ ಟಿಎಂಪಿ.* ಕೊಟ್ರೆ "ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್" ಅಂತ ನಿಂತೋಗುತ್ತೆ, ಯಾಕಂದ್ರೆ ಶೆಲ್ ಅಷ್ಟೂ ಹೆಸರನ್ನ ಒಂದೇ ಕಮಾಂಡ್‌ಗೆ ತುಂಬಿಸೋಕೆ ನೋಡುತ್ತೆ. ಫೈಂಡ್ ಬಳಸಿ, -ಟೈಪ್ ಎಫ್ (ಫೈಲ್ ಮಾತ್ರ), -ನೇಮ್ (ಹೆಸರು), -ಎಮ್‌ಟೈಮ್ +1 (ಹಳೇ ಫೈಲ್ ಮಾತ್ರ), ಕೊನೇಲಿ -ಡಿಲೀಟ್, ಈ ಆರ್ಡರ್ ಮುಖ್ಯ, -ಡಿಲೀಟ್ ಮೊದಲು ಬಂದ್ರೆ ಫಿಲ್ಟರ್ ಆಗೋಕೆ ಮುಂಚೆನೇ ಎಲ್ಲಾ ಹೋಗಿಬಿಡುತ್ತೆ. ದಯವಿಟ್ಟು /ಟೆಂಪ್ ಇಡೀ ಒರೆಸಬೇಡಿ, ಓಡ್ತಿರೋ ಪ್ರೋಗ್ರಾಮ್‌ಗಳು ಪರಸ್ಪರ ಮಾತಾಡೋಕೆ ಬಳಸೋ ಸಾಕೆಟ್‌ಗಳೂ ಅಲ್ಲೇ ಇರ್ತವೆ.

ಆಮೇಲೆ ಮಾನಿಟರಿಂಗ್ ಸ್ಕ್ರಿಪ್ಟ್‌ಗೆ ಟ್ರ್ಯಾಪ್ ಹಾಕಿ ಎಕ್ಸಿಟ್ ಆಗುವಾಗ ಫೈಲ್ ಅಳಿಸೋ ಹಾಗೆ ಮಾಡಿದ್ವಿ. ಬಲವಂತವಾಗಿ ನಿಲ್ಲಿಸೋ ಕಿಲ್ -9 ಕೊಟ್ರೆ ಟ್ರ್ಯಾಪ್ ಓಡಲ್ಲ, ಅದು ಗೊತ್ತಿರ್ಲಿ. ರಿಪೋರ್ಟ್ ಸ್ಕ್ರಿಪ್ಟ್‌ಗೆ ಸೆಟ್ -ಇ ಜೊತೆ ಪೈಪ್‌ಫೇಲ್ ಕೂಡ ಸೇರಿಸಿದ್ವಿ, ಯಾಕಂದ್ರೆ ಸಾಲುಗಳನ್ನ ಕ್ರಮವಾಗಿ ಜೋಡಿಸೋ ಸಾರ್ಟ್ ಕೂಡ ದೊಡ್ಡ ಡೇಟಾಗೆ /ಟೆಂಪ್ ಬಳಸುತ್ತೆ, ಪೈಪ್‌ಫೇಲ್ ಇಲ್ದಿದ್ರೆ ಪೈಪ್ ಮಧ್ಯದಲ್ಲಿ ಅದು ಫೇಲಾದಾಗ ಕೊನೇ ಕಮಾಂಡ್‌ನ ಸ್ಟೇಟಸ್ ಮಾತ್ರ ಕಾಣೋದು. ಜಾಗ ಜಾಸ್ತಿ ಬೇಕು ಅಂದ್ರೆ ಟೆಂಪ್ ಫೈಲ್ ಎಲ್ಲಿ ಮಾಡ್ಬೇಕು ಅಂತ ಹೇಳೋ ಟಿಎಂಪಿಡಿಐಆರ್ ವೇರಿಯಬಲ್‌ನ /ವಾರ್/ಟೆಂಪ್‌ಗೆ ಸೆಟ್ ಮಾಡಿ, ಬ್ಯಾಷ್, ಸಾರ್ಟ್, ಎಮ್‌ಕೆಟೆಂಪ್ ಮೂರೂ ಅದನ್ನ ಕೇಳ್ತವೆ.

ಇನೋಡ್ ಸಾಕಷ್ಟಿದೆ, ಡಿಎಫ್ ಮಾತ್ರ ಫುಲ್ ಅಂತಿದೆ, ಫೈಲ್‌ಗಳ ಗಾತ್ರ ಕೂಡಿಸಿ ತೋರಿಸೋ ಡಿಯು ನೋಡಿದ್ರೆ ಏನೂ ಇಲ್ಲ ಅನ್ನೋದು ಬೇರೆ ಕೇಸ್. ಅಳಿಸಿದ ಫೈಲ್‌ನ ಯಾವುದೋ ಪ್ರೋಸೆಸ್ ಇನ್ನೂ ಓಪನ್ ಇಟ್ಕೊಂಡಿರುತ್ತೆ. ಎಲ್‌ಎಸ್‌ಒಎಫ್ +ಎಲ್1 ಹಾಕಿ, ಅದು ಯಾರು ಅಂತ ತೋರಿಸುತ್ತೆ, ಆ ಪ್ರೋಸೆಸ್ ರೀಸ್ಟಾರ್ಟ್ ಮಾಡಿದ್ರೆ ಜಾಗ ವಾಪಸ್ ಬರುತ್ತೆ.