"ಇದು ಎಷ್ಟು ಸ್ಪೀಡ್ ಹೋಗ್ತದೆ?" ಅಂತ ಕೇಳುವವರಿಗೆ

ಗದ್ದೆಯ ಬದುವಿನ ಮೇಲೆ ನನ್ನ ರಿಮೋಟ್ ಕಂಟ್ರೋಲ್ ಕಾರು ಇಟ್ಟು ರಿಮೋಟ್ ಆನ್ ಮಾಡುವಷ್ಟರಲ್ಲಿ ಯಾರಾದರೂ ಬಂದು ನಿಲ್ಲುತ್ತಾರೆ. ಡೇರಿಗೆ ಹಾಲು ಹಾಕಲು ಹೊರಟ ಅಜ್ಜ, ಬೈಕ್ ನಿಲ್ಲಿಸಿದ ಹುಡುಗರು, ಪಕ್ಕದ ಮನೆಯ ಅಕ್ಕ. ಎಲ್ಲರದ್ದೂ ಒಂದೇ ಪ್ರಶ್ನೆ. "ಇದು ಎಷ್ಟು ಸ್ಪೀಡ್ ಹೋಗ್ತದೋ ತಮಾ?"

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನನ್ನದು ಬಗ್ಗಿ, ಅಂದ್ರೆ ಮಣ್ಣಿನಲ್ಲಿ ಓಡಿಸುವ ಕಾರು, ನಿಜವಾದದ್ದರ ಹತ್ತನೇ ಒಂದರಷ್ಟು ಅಳತೆಯದು; ಹಿಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಮೋಟರ್ 3500 ಕೆವಿ. ಇಲ್ಲಿ ಕೆವಿ ಅಂದ್ರೆ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟ್ ಕೊಟ್ಟರೆ ನಿಮಿಷಕ್ಕೆ 3500 ಸುತ್ತು ಅಂತ. ಬ್ಯಾಟರಿ 7.4 ವೋಲ್ಟ್, ಹಾಗಾಗಿ ನಿಮಿಷಕ್ಕೆ 25,900 ಸುತ್ತು. ಮೋಟರ್ ಸುಮಾರು ಒಂಬತ್ತು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. 85 ಮಿ.ಮೀ. ವ್ಯಾಸದ ಚಕ್ರ ಒಂದು ಸುತ್ತಿಗೆ 27 ಸೆಂ.ಮೀ.ನಷ್ಟು ಮುಂದೆ ಹೋಗುತ್ತದೆ. ಎಲ್ಲ ಗುಣಿಸಿದರೆ ಗಂಟೆಗೆ ಸುಮಾರು 46 ಕಿ.ಮೀ. ನೆಲಕ್ಕಿಳಿದರೆ ಅದಕ್ಕಿಂತ ಕಡಿಮೆಯೇ.

ಆದರೆ ಈ ಸ್ಪೀಡ್ ನಮ್ಮ ಟ್ರ್ಯಾಕ್‌ನಲ್ಲಿ ಸಿಗುವುದು ಒಂದೇ ಕಡೆ, ಅದೂ ಒಂದೆರಡು ಸೆಕೆಂಡ್. ಕಾರವಾರದ ಹೊರಗೆ ಭತ್ತ ಕೊಯ್ದ ಗದ್ದೆಯಲ್ಲಿ, ಮಾಲೀಕರನ್ನು ಕೇಳಿಕೊಂಡು, ಕೂಳೆ ಕಿತ್ತು, ಹಳೆಯ ಪೈಪ್ ಹಾಸಿ ಮಾಡಿಕೊಂಡ ಟ್ರ್ಯಾಕ್ ಅದು. ಉಳಿದದ್ದೆಲ್ಲ ತಿರುವು. ಐದು ನಿಮಿಷದ ರೇಸ್, ಜಾಸ್ತಿ ಸುತ್ತು ಹಾಕಿದವನು ಗೆದ್ದ, ಅಷ್ಟೇ. ಓಡಿಸದವರು ಒಳಗೆ ನಿಂತು ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು.

ಮೊದಲ ವರ್ಷ ನಾನೂ ಸ್ಪೀಡ್ ಹಿಂದೆಯೇ ಬಿದ್ದಿದ್ದೆ. 21 ಹಲ್ಲಿನ ಪಿನಿಯನ್, ಅಂದ್ರೆ ಮೋಟರ್ ತುದಿಯ ಸಣ್ಣ ಹಲ್ಲುಚಕ್ರ, ತೆಗೆದು 24 ಹಲ್ಲಿನದು ಹಾಕಿದೆ. ನೇರ ದಾರಿಯಲ್ಲಿ ಎಲ್ಲರನ್ನೂ ದಾಟುತ್ತಿದ್ದೆ, ತಿರುವಿಗೆ ಬಂದ ಕೂಡಲೇ ಹಿಂಭಾಗ ಜಾರಿ ಕಾರು ಗರ್ರನೆ ತಿರುಗಿ ನಿಲ್ಲುತ್ತಿತ್ತು. ಒಂದು ಸುತ್ತಿಗೆ 20 ಸೆಕೆಂಡ್ ಇದ್ದದ್ದು 21 ಆಯಿತು. ನಾಲ್ಕನೇ ನಿಮಿಷಕ್ಕೆ ಮೋಟರ್‌ನಿಂದ ಸುಟ್ಟ ವಾಸನೆ ಬಂತು, ಮುಟ್ಟಲು ಆಗಲಿಲ್ಲ.

ಹಳೆ ಪಿನಿಯನ್ ವಾಪಸ್ ಹಾಕಿದೆ. ಆಮೇಲೆ ಮಾಡಿದ್ದು ಕಾಸಿಲ್ಲದ ಕೆಲಸ: ಬ್ಯಾಟರಿಯನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿದೆ. ಸಡಿಲ ಮಣ್ಣಿನಲ್ಲಿ ಹಿಂದಿನ ಚಕ್ರದ ಮೇಲೆ ಭಾರ ಬಿದ್ದರೆ ಹಿಡಿತ ಬರುತ್ತದೆ. ನಂತರ ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ತೆಳು ಎಣ್ಣೆ ತುಂಬಿದೆ. ಈ ಕೆಲಸ ನನಗೆ ತುಂಬಾ ಇಷ್ಟ. ಎಣ್ಣೆ ಹಾಕಿ ಪಿಸ್ಟನ್ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಬೇಕು. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಸಾಸಿವೆಗಿಂತ ಚಿಕ್ಕವು. ಕೊನೆಯ ಗುಳ್ಳೆ ಹೋಗುವ ತನಕ ಕಾಯಬೇಕು. ಗಾಳಿ ಉಳಿದರೆ ಎಡಗಡೆ ಒಂದು ಥರ, ಬಲಗಡೆ ಒಂದು ಥರ ಆಗಿ ಕಾರು ಏನು ಮಾಡುತ್ತಿದೆ ಅಂತಲೇ ತಿಳಿಯುವುದಿಲ್ಲ. ಅದೇ ಎಣ್ಣೆ ಮಾರ್ಚ್ ಬಿಸಿಲಿಗೆ ಇನ್ನೂ ತೆಳುವಾಗುತ್ತದೆ, ಆಗ ಸ್ವಲ್ಪ ದಪ್ಪದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ, ಪುಸ್ತಕದಲ್ಲಿ ಬರೆದಿಡುತ್ತೇನೆ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಹೇಗೆ ಗೊತ್ತಾಗಬೇಕು? ಆ ತಿಂಗಳ ಕೊನೆಗೆ 18.8 ಸೆಕೆಂಡಿಗೆ ಬಂದೆ. ಮೋಟರ್ ಅದೇ, ಬ್ಯಾಟರಿ ಅದೇ.

"ಇಷ್ಟು ದೊಡ್ಡ ಬೀಚ್ ಇಟ್ಟುಕೊಂಡು ಗದ್ದೆಗೆ ಯಾಕೆ ಹೋಗ್ತೀರಿ ಮಾರಾಯ್ರೆ?" ಅಂತಲೂ ಕೇಳುತ್ತಾರೆ. ಟಾಗೋರ್ ಬೀಚ್ ನನಗೂ ಇಷ್ಟ, ಸಂಜೆ ನಡೆಯಲು. ಒಮ್ಮೆ ಅಲ್ಲಿ ಕಾರು ಓಡಿಸಿ, ತೊಳೆಯದೆ ಹಾಗೇ ಇಟ್ಟಿದ್ದೆ. ಮರುವಾರ ಬೇರಿಂಗ್‌ಗಳೆಲ್ಲ ಕೆಂಪು ತುಕ್ಕು. ಉಪ್ಪುನೀರು, ಮರಳು ಎರಡೂ ಸೇರಿದರೆ ಉಕ್ಕಿನ ಬೇರಿಂಗ್ ಉಳಿಯುವುದಿಲ್ಲ.

ಈಗ ಜೂನ್, ಗದ್ದೆಯಲ್ಲಿ ನೀರು. ಬ್ಯಾಟರಿಗಳನ್ನು ಪ್ರತಿ ಸೆಲ್‌ಗೆ 3.8 ವೋಲ್ಟ್‌ಗೆ ತಂದು ಇಟ್ಟಿದ್ದೇನೆ. ಪೂರ್ತಿ ಚಾರ್ಜ್ ಮಾಡಿ ಮಳೆಗಾಲವಿಡೀ ಬಿಟ್ಟರೆ ಈ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಉಬ್ಬುತ್ತದೆ, ದಯವಿಟ್ಟು ಹಾಗೆ ಇಡಬೇಡಿ. ಕಾರು ಮೇಜಿನ ಮೇಲೆ ಬಿಚ್ಚಿಕೊಂಡು ಕೂತಿದೆ. ಹಿಂದಿನ ಎಡ ಶಾಕ್ ಸ್ವಲ್ಪ ಸೋರುತ್ತಿತ್ತು, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ, ಓ-ರಿಂಗ್, ನಿನ್ನೆ ಬಂತು.