ಲಂಡನ್ನಿನ ಸುದ್ದಿ, ಡಬ್ಲಿನ್ನಿನ ಟಿವಿ

"ಲಂಡನ್ನಾಗ ಏನೋ ಗದ್ಲ ಆಗೇತಂತ. ನೀ ಮನ್ಯಾಗ ಇದ್ದಿಯಿಲ್ಲ?"

ಹುಬ್ಬಳ್ಳಿಯಿಂದ ಚಿಕ್ಕಮ್ಮನ ಫೋನು. ಕನ್ನಡ ಚಾನೆಲ್ಲಿನಲ್ಲಿ ಬ್ರಿಟನ್ ಅಂತ ಕೆಂಪು ಪಟ್ಟಿ ಓಡಿತು ಅಂದರೆ ಈ ಫೋನು ಬಂತು ಅಂತಲೇ ಲೆಕ್ಕ. ನಾನಿರುವುದು ಐರ್ಲೆಂಡಿನ ಡಬ್ಲಿನ್, ಅದು ಬೇರೆ ದೇಶ, ನಡುವೆ ಸಮುದ್ರ ಇದೆ ಅಂತ ಪ್ರತಿ ಸಲ ಹೇಳುತ್ತೇನೆ. "ಆತ್ ಬಿಡು, ನಿಮ್ಮ ರಾಜಾ ಆರಾಮ ಅದಾನಲ್ಲ?" ಅಂದರು ಈ ಸಲ.

ಪಕ್ಕದ ಮನೆಯಾಕೆ ಚಹಾ ಕುಡಿಯುತ್ತಾ ಎದುರಿಗೇ ಕೂತಿದ್ದರು. ಎಪ್ಪತ್ತು ದಾಟಿದವರು, ಹುಟ್ಟಿದ್ದು ಬೆಳೆದದ್ದು ಎಲ್ಲಾ ಡಬ್ಲಿನ್ನಿನಲ್ಲೇ. ಏನಂತೆ ಅಂತ ಕೇಳಿದರು. ನಿಮ್ಮ ರಾಜ ಹೇಗಿದ್ದಾನೆ ಅಂತ ಚಿಕ್ಕಮ್ಮ ವಿಚಾರಿಸುತ್ತಿದ್ದಾರೆ ಅಂದೆ. ಅವರು ಕಪ್ಪು ಕೆಳಗಿಟ್ಟರು.

"ಆ ಮನೆತನವನ್ನ ಕಳಿಸೋಕೆ ನಮಗೆ ಎಂಟುನೂರು ವರ್ಷ ಹಿಡೀತು. ದಯವಿಟ್ಟು ವಾಪಸ್ ತರಬೇಡಿ ಅಂತ ಹೇಳು."

ನಕ್ಕು ಸುಮ್ಮನಾದೆವು. ಆದರೆ ಚಿಕ್ಕಮ್ಮ ಹೇಳಿದ ಗದ್ದಲ ನಿಜವಾಗಿಯೂ ಏನು ಅಂತ ನೋಡೋಣ ಅಂತ ಆರು ಗಂಟೆಗೆ ಟಿವಿ ಹಾಕಿದೆ. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ಆರ್‌ಟಿಇ ಒನ್ ಚಾನೆಲ್ಲಿನಲ್ಲಿ ಆರಕ್ಕೆ ಸರಿಯಾಗಿ ಚರ್ಚಿನ ಗಂಟೆ ಬಾರಿಸುತ್ತದೆ, ಒಂದು ನಿಮಿಷ. ಆಮೇಲೆ ಸುದ್ದಿ. ಅದಕ್ಕೇ ಆ ವಾರ್ತೆಯ ಹೆಸರೇ ‘ಸಿಕ್ಸ್ ವನ್’. ಆವತ್ತು ಮೊದಲು ಬಂದದ್ದು ಮನೆ ಬಾಡಿಗೆಯ ಸುದ್ದಿ. ಆಮೇಲೆ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗುತ್ತಿಲ್ಲ ಅನ್ನುವುದು. ಲಂಡನ್ನಿನದು ಅದಾದ ಮೇಲೆ ಬಂತು, ಎರಡೇ ನಿಮಿಷದಲ್ಲಿ ಮುಗಿಯಿತು. ಕೆಂಪು ಪಟ್ಟಿ ಇಲ್ಲ, ಹಿಂದೆ ಢಂ ಢಂ ಅನ್ನುವ ಸಂಗೀತ ಇಲ್ಲ. ಎದುರು ದಡದಲ್ಲೇ ನಡೆದದ್ದಕ್ಕೆ ಇಷ್ಟೇನಾ ಅಂದೆ.

"ಜಾಸ್ತಿ ಬೇಕಿದ್ರೆ ಅವರ ಚಾನೆಲ್ ಇದೆಯಲ್ಲ. ಏನಾಯ್ತು ಅಂತ ಬಿಬಿಸಿ ಹೇಳುತ್ತೆ. ಅದರಿಂದ ನಮಗೇನು ಅಂತ ನಮ್ಮವರು ಹೇಳಿದ್ರೆ ಸಾಕು" ಅಂದರು ಪಕ್ಕದ ಮನೆಯಾಕೆ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಇದು ಬೇಗ ಗೊತ್ತಾಗುವುದಿಲ್ಲ. ಐರ್ಲೆಂಡಿನ ಬಹಳಷ್ಟು ಮನೆಗಳಲ್ಲಿ ರಿಮೋಟಿನ ಒಂದು ಗುಂಡಿ ದೂರದಲ್ಲಿ ಬಿಬಿಸಿ ಇದೆ, ಸ್ಕೈ ನ್ಯೂಸ್ ಇದೆ. ಇದು ಕೇಬಲ್ ಬಂದ ಮೇಲಿನ ಕಥೆಯೂ ಅಲ್ಲ. ಇಲ್ಲಿನ ಟಿವಿ ಶುರುವಾದದ್ದೇ 1961ರ ಡಿಸೆಂಬರ್ 31ರ ರಾತ್ರಿ. ಅದಕ್ಕೂ ಮೊದಲೇ ಪೂರ್ವ ಕರಾವಳಿಯ ಜನ ಸೂರಿನ ಮೇಲೆ ಎತ್ತರದ ಆಂಟೆನಾ ನಿಲ್ಲಿಸಿ, ವೇಲ್ಸ್ ಕಡೆಗೋ ಬೆಲ್‌ಫಾಸ್ಟ್ ಕಡೆಗೋ ತಿರುಗಿಸಿ ಬ್ರಿಟನ್ನಿನ ಟಿವಿ ಹಿಡಿಯುತ್ತಿದ್ದರು. ಹಾಗಾಗಿ ಡಬ್ಲಿನ್ನಿನ ಸುದ್ದಿಮನೆಗೆ ಲಂಡನ್ನಿನ ವಿಷಯದಲ್ಲಿ ‘ನಾವೇ ಮೊದಲು’ ಅಂತ ಕೂಗುವ ಆಸೆಯೇ ಇಲ್ಲ. ಕೂಗಿದರೂ ಕೇಳುವವರಿಲ್ಲ.

ಈ ಗುಟ್ಟು ನನಗೆ ಸರಿಯಾಗಿ ಅರ್ಥವಾದದ್ದು 2022ರ ಸೆಪ್ಟೆಂಬರ್ 8ರಂದು. ಬ್ರಿಟನ್ನಿನ ರಾಣಿ ಎಲಿಜಬೆತ್‌ಗೆ ಹುಷಾರಿಲ್ಲ ಅಂತ ಮಧ್ಯಾಹ್ನ ಅರಮನೆಯ ಹೇಳಿಕೆ ಬಂದಿತ್ತು. ಬಿಬಿಸಿ ಆಗಲೇ ಎಲ್ಲ ಕಾರ್ಯಕ್ರಮ ನಿಲ್ಲಿಸಿ ಕಪ್ಪು ಟೈ ಕಟ್ಟಿಕೊಂಡು ಕೂತಿತ್ತು. ಸಾವಿನ ಸುದ್ದಿ ಬಂದದ್ದು ಸಂಜೆ ಆರೂವರೆಗೆ, ಸಿಕ್ಸ್ ವನ್ ನಡುವೆಯೇ. ನಾನು ಪಕ್ಕದ ಮನೆಯಲ್ಲಿದ್ದೆ. ಆಕೆ ರಿಮೋಟ್ ಹಿಡಿದು ಎರಡೂ ಚಾನೆಲ್ ನಡುವೆ ಓಡಾಡುತ್ತಿದ್ದರು. ಅಲ್ಲಿ ರಾಷ್ಟ್ರಗೀತೆ, ಅರಮನೆಯ ಗೇಟು, ಮಳೆಯಲ್ಲಿ ಅಳುವ ಜನ. ಇಲ್ಲಿ ಮರ್ಯಾದೆಯ ನಾಲ್ಕು ಮಾತು, ಆಮೇಲೆ ನೇರವಾಗಿ 2011ಕ್ಕೆ.

2011ರ ಮೇ ತಿಂಗಳು ರಾಣಿ ಡಬ್ಲಿನ್ನಿಗೆ ಬಂದಿದ್ದರು. ನೂರು ವರ್ಷದಲ್ಲಿ ಬ್ರಿಟನ್ನಿನ ರಾಜ ರಾಣಿಯರು ಸ್ವತಂತ್ರ ಐರ್ಲೆಂಡಿನ ಈ ನೆಲಕ್ಕೆ ಕಾಲಿಟ್ಟದ್ದು ಅದೇ ಮೊದಲು. ಬ್ರಿಟಿಷರ ವಿರುದ್ಧ ಹೋರಾಡಿ ಸತ್ತವರಿಗಾಗಿ ಇಲ್ಲೊಂದು ಸ್ಮಾರಕ ತೋಟವಿದೆ. ಅಲ್ಲಿ ಹೂ ಇಟ್ಟು ತಲೆ ಬಗ್ಗಿಸಿದರು. ಡಬ್ಲಿನ್ ಕೋಟೆಯ ಔತಣದಲ್ಲಿ ಐರಿಷ್ ಭಾಷೆಯಲ್ಲಿ ಭಾಷಣ ಶುರು ಮಾಡಿದರು. ಪಕ್ಕದಲ್ಲಿದ್ದ ಅಧ್ಯಕ್ಷೆ ಮೇರಿ ಮ್ಯಾಕ್‌ಅಲೀಸ್ ಬೆರಗಾಗಿ ‘ವಾವ್’ ಅಂದದ್ದು ಕ್ಯಾಮೆರಾಕ್ಕೆ ಸಿಕ್ಕಿತ್ತು. ರಾಣಿ ತೀರಿಕೊಂಡ ರಾತ್ರಿ ಆ ತಲೆ ಬಗ್ಗಿಸಿದ ದೃಶ್ಯ ಮತ್ತೆ ಮತ್ತೆ ಬಂತು. ಪಕ್ಕದ ಮನೆಯಾಕೆಗೆ ರಾಣಿಯ ಬಗ್ಗೆ ಪ್ರೀತಿಯೇನೂ ಇರಲಿಲ್ಲ. ಆದರೆ ಆ ದೃಶ್ಯ ಬಂದಾಗ ರಿಮೋಟ್ ಒತ್ತುವುದನ್ನು ನಿಲ್ಲಿಸಿದರು.

ಅದೇ ರಾತ್ರಿ ಡಬ್ಲಿನ್ನಿನ ಟಾಲಾದ ಫುಟ್‌ಬಾಲ್ ಮೈದಾನದಲ್ಲಿ ಕೆಲವರು ರಾಣಿಯ ಸಾವನ್ನು ಅಣಕಿಸಿ ಹಾಡಿದರು. ಆ ವಿಡಿಯೋ ಊರಿಡೀ ಹರಿದಾಡಿತು. ತೋರಿಸಿದಾಗ ಆಕೆ ಮುಖ ಸಿಂಡರಿಸಿ, "ಸತ್ತವರ ವಿಷಯದಲ್ಲಿ ಇದೆಂಥ ಬುದ್ಧಿ" ಅಂತ ಬೈದರು.

ಮುಂದಿನ ತಿಂಗಳೇ ಬ್ರಿಟನ್ ಪ್ರಧಾನಿ ಲಿಜ್ ಟ್ರಸ್ ರಾಜೀನಾಮೆ. ರಿಷಿ ಸುನಕ್ ಪ್ರಧಾನಿಯಾಗುವುದು ಖಾತ್ರಿಯಾದದ್ದು ಅಕ್ಟೋಬರ್ 24ರಂದು, ದೀಪಾವಳಿಯ ದಿನ. ನನ್ನ ಫೋನು ಬಿಸಿಯಾಗಿ ಹೋಯಿತು. ‘ಕರ್ನಾಟಕದ ಅಳಿಯ’ ಅಂತ ಎಲ್ಲಾ ಚಾನೆಲ್ಲುಗಳಲ್ಲೂ ಹಬ್ಬ. ಅಕ್ಷತಾ ಮೂರ್ತಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಹಾಗಾಗಿ ನಮ್ಮ ಚಿಕ್ಕಮ್ಮನಿಗಂತೂ ಅದು ಓಣಿಯ ಹುಡುಗಿಯ ಮದುವೆ ಊಟ ಇದ್ದಂಗೆ. ಬೆಂಗಳೂರಿನ ಜಯನಗರ, ಮಾವನ ಮನೆ, ಅತ್ತೆಯ ಸರಳತೆ, ಅಳಿಯ ಮಾಡುವ ಪೂಜೆ, ಎಲ್ಲವೂ ಬಂತು. ನನಗೂ ಹೆಮ್ಮೆ ಆಗಲಿಲ್ಲ ಅಂದರೆ ಸುಳ್ಳು. ಆಫೀಸಿನಲ್ಲಿ ಮೈಸೂರ್ ಪಾಕ್ ಹಂಚಿದೆ.

ಸಂಜೆ ಆರ್‌ಟಿಇ ನೋಡಿದರೆ ಅಳಿಯ, ಮಾವ, ಪೂಜೆ ಇವೆಲ್ಲ ಒಂದು ಸಾಲಿನಲ್ಲಿ ಮುಗಿದಿದ್ದವು. ಉಳಿದದ್ದೆಲ್ಲ ಒಂದೇ ಪ್ರಶ್ನೆ. ಬ್ರೆಕ್ಸಿಟ್ ಆದ ಮೇಲೆ, ಇನ್ನೂ ಬ್ರಿಟನ್ನಿಗೇ ಸೇರಿರುವ ಉತ್ತರ ಐರ್ಲೆಂಡಿನ ಸರಕಿನ ತಪಾಸಣೆಯ ಬಗ್ಗೆ ಆದ ಒಪ್ಪಂದವನ್ನು ಈತ ಉಳಿಸುತ್ತಾನಾ, ಮುರಿಯುತ್ತಾನಾ? ಗಡಿ ಹತ್ತಿರದ ರೈತರಿಗೆ, ಲಾರಿ ಓಡಿಸುವವರಿಗೆ ಏನಾಗುತ್ತೆ? ಆ ಗಡಿ ಸುಮಾರು 500 ಕಿಲೋಮೀಟರ್ ಉದ್ದ, ಹೊಲಗಳ ನಡುವೆ ಹಾದುಹೋಗುತ್ತದೆ. ಅಲ್ಲಿ ಮತ್ತೆ ಚೌಕಿ, ಬಂದೂಕು ಬರಬಾರದು ಅನ್ನುವುದೇ ಇವರ ಚಿಂತೆ. ಎರಡು ತಿಂಗಳು ಕಳೆಯುವುದರೊಳಗೆ ಲಿಯೋ ವರಾಡ್ಕರ್ ಎರಡನೇ ಸಲ ಇಲ್ಲಿನ ಪ್ರಧಾನಿಯಾದರು. ಅವರ ತಂದೆ ಮುಂಬೈನವರು. ಭಾರತದಲ್ಲಿ ಅದೇ ದೊಡ್ಡ ಸುದ್ದಿ. ಇಲ್ಲಿ ಮಾತ್ರ ಮತ್ತೆ ಮನೆ ಬಾಡಿಗೆ, ಆಸ್ಪತ್ರೆ ಹಾಸಿಗೆ. ಬ್ರಿಟನ್ನಿನ ಹೊಸ ಪ್ರಧಾನಿ ಯಾರ ಅಳಿಯ ಅಂತ ನಮ್ಮ ಚಾನೆಲ್ಲುಗಳು ಹೇಳಿದವು. ಆತ ಏನು ಮಾಡಬಹುದು ಅಂತ ಒಬ್ಬರೂ ಹೇಳಲಿಲ್ಲ. ನನಗೆ ಅದು ಸ್ವಲ್ಪ ಚುಚ್ಚಿತು.

ಇದನ್ನೆಲ್ಲ ಹೇಳಿ, ನಿಮ್ಮ ಟಿವಿಯದು ಎಷ್ಟು ಗಂಭೀರ ನಡವಳಿಕೆ ಅಂತ ಹೊಗಳಿದೆ. ಪಕ್ಕದ ಮನೆಯಾಕೆ ಒಪ್ಪಲಿಲ್ಲ.

"ನಮ್ಮವರು ಸುಮ್ನೆ ಕೂತದ್ದೆಲ್ಲ ಗಂಭೀರ ಅಂದ್ಕೋಬೇಡ" ಅಂತ ಹಳೇ ಕಥೆ ತೆಗೆದರು. 1971ರಿಂದ 1994ರವರೆಗೆ ಇಲ್ಲೊಂದು ಸರ್ಕಾರಿ ಆದೇಶವಿತ್ತು, ಪ್ರಸಾರ ಕಾಯ್ದೆಯ ಸೆಕ್ಷನ್ 31. ಉತ್ತರ ಐರ್ಲೆಂಡಿನಲ್ಲಿ ಬಾಂಬು, ಗುಂಡು ನಡೆಯುತ್ತಿದ್ದ ಕಾಲ. ಬ್ರಿಟನ್ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ ಕಡೆಯವರ ಮಾತು, ಆಮೇಲೆ ಅವರ ಜೊತೆಗಿದ್ದ ಶಿನ್ ಫೇನ್ ಪಕ್ಷದವರ ಮಾತು ಆರ್‌ಟಿಇಯಲ್ಲಿ ಬರುವಂತಿಲ್ಲ. 1972ರಲ್ಲಿ ಐಆರ್‌ಎ ಮುಖಂಡನೊಬ್ಬನ ಸಂದರ್ಶನದ ವರದಿ ಬಂತು ಅಂತ ಸರ್ಕಾರ ಇಡೀ ಆಡಳಿತ ಮಂಡಳಿಯನ್ನೇ ಕಿತ್ತುಹಾಕಿತು. ಸಂಸ್ಥೆ ಎಷ್ಟು ಹೆದರಿತ್ತು ಅಂದರೆ, ಡಬ್ಲಿನ್ನಿನ ಬೇಕರಿ ಕಾರ್ಖಾನೆಯೊಂದರ ಮುಷ್ಕರದಲ್ಲಿ ಕಾರ್ಮಿಕರ ವಕ್ತಾರ ಶಿನ್ ಫೇನ್ ಸದಸ್ಯ ಅನ್ನುವ ಕಾರಣಕ್ಕೆ ಕೇಕು ಮಾಡುವವರ ಮುಷ್ಕರದ ಬಗ್ಗೆ ಆತ ಆಡಿದ ಮಾತನ್ನೂ ಹಾಕಲಿಲ್ಲ. ಅದು ಅತಿಯಾಯಿತು ಅಂತ ಕೊನೆಗೆ ಕೋರ್ಟು ಹೇಳಬೇಕಾಯಿತು.

ತಮಾಷೆ ಏನೆಂದರೆ 1988ರವರೆಗೆ ಬಿಬಿಸಿಗೆ ಇಂಥ ನಿಷೇಧ ಇರಲಿಲ್ಲ. ತಮ್ಮದೇ ದ್ವೀಪದ ಜನರ ದನಿ ಕೇಳಬೇಕೆಂದರೆ ಡಬ್ಲಿನ್ನಿನವರು ಲಂಡನ್ನಿನ ಚಾನೆಲ್ ಹಾಕಬೇಕು. ಆಮೇಲೆ ಥ್ಯಾಚರ್ ಸರ್ಕಾರ ಅಲ್ಲೂ ನಿಷೇಧ ಹೇರಿತು. ಆಗ ಮುಖ ಅವರದೇ, ದನಿ ಮಾತ್ರ ಬಾಡಿಗೆ ನಟರದು. "ಬಾಯಿ ಒಂದು ಕಡೆ, ಮಾತು ಒಂದು ಕಡೆ. ಮಕ್ಕಳು ಬಿದ್ದು ಬಿದ್ದು ನಗ್ತಿದ್ರು. ನನಗೆ ನಗು ಬರ್ತಿರಲಿಲ್ಲ" ಅಂದರು.

ನನಗೆ ತಟ್ಟನೆ ಹುಬ್ಬಳ್ಳಿಯ ನಮ್ಮ ಪಡಸಾಲೆ ನೆನಪಾಯಿತು. ಸ್ವಂತ ಮನೆಯ ಸುದ್ದಿಗೆ ಲಂಡನ್ನಿನ ಬಾಗಿಲು ತಟ್ಟುವುದು ನಮಗೇನು ಹೊಸದಾ? 1984ರ ಅಕ್ಟೋಬರ್ 31. ಇಂದಿರಾ ಗಾಂಧಿಯವರಿಗೆ ಬೆಳಿಗ್ಗೆ ಗುಂಡು ಬಿತ್ತು. ತೀರಿಕೊಂಡರು ಅಂತ ಬಿಬಿಸಿ ಮಧ್ಯಾಹ್ನವೇ ಹೇಳಿತ್ತು. ಆಕಾಶವಾಣಿ ಸಂಜೆಯವರೆಗೂ ಆ ಮಾತು ಆಡಲಿಲ್ಲ. ಅಪ್ಪ ರೇಡಿಯೋದ ಗುಂಡಿ ತಿರುಗಿಸಿ ತಿರುಗಿಸಿ, ಕರಕರ ಸದ್ದಿನ ನಡುವೆ ಬಿಬಿಸಿ ಹಿಡಿದು, "ಹೋದ್ರಂತ" ಅಂದರು. ಅಜ್ಜಿ ನಂಬಲಿಲ್ಲ. ಇಂದಿರಮ್ಮನ ಫೋಟೋವನ್ನು ದೇವರ ಪಕ್ಕ ಇಟ್ಟುಕೊಂಡವಳು. "ಪರದೇಶದವ್ರ ಮಾತ್ ಕೇಳಿ ನಾ ಅಳಂಗಿಲ್ಲ. ಆಕಾಶವಾಣಿಯವ್ರು ಹೇಳ್ಲಿ, ಆಮ್ಯಾಲೆ ಅಳ್ತೀನಿ" ಅಂತ ಜೋಳ ಹಸನು ಮಾಡುತ್ತಾ ಕೂತುಬಿಟ್ಟಳು.

ಸಂಜೆ ಆಕಾಶವಾಣಿ ಹೇಳಿತು. ಅಜ್ಜಿ ಮೊರ ಬದಿಗಿಟ್ಟು ಗಟ್ಟಿಯಾಗಿ ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ರೇಡಿಯೋದ ಮುಂದೆ ಹೋಗಿ ನಿಂತಳು. "ಭಾಡ್ಯಾಗೋಳ್ರಾ, ಮುಂಜಾನಿಂದ ಬಾಯಾಗ ಏನ್ ಇಟ್ಕೊಂಡಿದ್ರಿ?" ಅಂತ ಕೇಳಿದಳು.