ಚಟುವಟಿಕೆಯ ಪಟ್ಟಿಗಿಂತ ಮೊದಲು ಬೆಳಗಿನ ಸುದ್ದಿ

ಹಿರಿಯರ ಆರೈಕೆ ಕೇಂದ್ರದಲ್ಲಿ ಹತ್ತು ಗಂಟೆಯ ವ್ಯಾಯಾಮ ಹೇಗೆ ನಡೆಯುತ್ತದೆ ಅನ್ನೋದು ಹತ್ತು ಗಂಟೆಗೆ ತೀರ್ಮಾನ ಆಗೋದಿಲ್ಲ. ಎಂಟು ಗಂಟೆಗೆ ನೈಟ್ ಡ್ಯೂಟಿಯವರು ಮನೆಗೆ ಹೊರಡುವ ಮುಂಚೆ ಏನು ಹೇಳಿದರು, ಅದರಲ್ಲಿ ಎಷ್ಟು ಮಾತು ಚಟುವಟಿಕೆ ನಡೆಸುವವರ ಕಿವಿಗೆ ಬಿತ್ತು, ಅಲ್ಲೇ ತೀರ್ಮಾನ ಆಗಿರುತ್ತದೆ. ನರ್ಸ್‌ಗಳ ರಿಜಿಸ್ಟರ್ ಒಂದು ಕಡೆ, ಅಡುಗೆಮನೆಯ ಪಟ್ಟಿ ಇನ್ನೊಂದು ಕಡೆ, ಚಟುವಟಿಕೆಯ ವೇಳಾಪಟ್ಟಿ ಮತ್ತೊಂದು ಗೋಡೆಯ ಮೇಲೆ. ಈ ಮೂರೂ ಒಂದನ್ನೊಂದು ನೋಡುವುದೇ ಇಲ್ಲ. ಅವನ್ನು ದಿನಕ್ಕೊಮ್ಮೆ ಒಂದೇ ಹಲಗೆಗೆ ತರುವುದನ್ನು ಈ ಕೆಲಸ ನಮಗೆ ಕಲಿಸಿದೆ.

ಒಂಬತ್ತೂಕಾಲಕ್ಕೆ ತಿಂಡಿ ಮುಗಿದ ಮೇಲೆ ಐದೇ ನಿಮಿಷ ಸಾಕು. ನರ್ಸ್, ಆಯಾಗಳಲ್ಲಿ ಒಬ್ಬರು, ಅಡುಗೆಯವರಲ್ಲಿ ಒಬ್ಬರು, ಚಟುವಟಿಕೆ ನಡೆಸುವವರು ನಿಂತುಕೊಂಡೇ ಮಾತಾಡಬೇಕು. ಕೂತರೆ ಅದು ಮೀಟಿಂಗ್ ಆಗಿ ಅರ್ಧ ಗಂಟೆ ಹೋಗುತ್ತದೆ. ಕೇಳಬೇಕಾದ್ದು ಇಷ್ಟು: ರಾತ್ರಿ ಯಾರು ನಿದ್ದೆ ಮಾಡಲಿಲ್ಲ? ಯಾರು ಬಿದ್ದರು, ಅಥವಾ ಬೀಳುವ ಹಾಗಾಗಿ ಗೋಡೆ ಹಿಡಿದರು? ಯಾರ ಮಾತ್ರೆ ಬದಲಾಗಿದೆ? ಯಾರು ತಿಂಡಿ ಬಿಟ್ಟರು? ಯಾರಿಗೆ ಮೂರು ದಿನದಿಂದ ಮೋಷನ್ ಆಗಿಲ್ಲ?

ಕೊನೆಯ ಪ್ರಶ್ನೆ ಕೇಳಲು ಹೊಸಬರು ಹಿಂಜರಿಯುತ್ತಾರೆ. ಆದರೆ ಹೊಟ್ಟೆ ಕಟ್ಟಿದ ಮನುಷ್ಯನಿಗೆ ಹಾಡೂ ಬೇಡ, ಆಟವೂ ಬೇಡ. ಮರೆವಿನ ಕಾಯಿಲೆ ಇರುವವರು ಅದನ್ನು ಬಾಯಿಬಿಟ್ಟು ಹೇಳಲಾರರು, ಸಿಡುಕುತ್ತಾರೆ ಅಥವಾ ಎದ್ದು ಓಡಾಡುತ್ತಾರೆ. ನಾವು ಅದನ್ನು ‘ಇವತ್ತು ಮೂಡ್ ಸರಿ ಇಲ್ಲ’ ಎಂದು ಬರೆದುಬಿಡುತ್ತೇವೆ. ನಿನ್ನೆವರೆಗೆ ಸರಿಯಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಗಲಿಬಿಲಿಗೊಂಡಿದ್ದರೆ, ಅಥವಾ ಎಬ್ಬಿಸಿದರೂ ತೂಕಡಿಸುತ್ತಿದ್ದರೆ ಅದು ಮೂಡ್ ಅಲ್ಲವೇ ಅಲ್ಲ. ಯೂರಿನ್ ಇನ್ಫೆಕ್ಷನ್, ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ಏನು ಬೇಕಾದರೂ ಇರಬಹುದು. ಅವರನ್ನು ಚಟುವಟಿಕೆಗೆ ಕರೆದುಕೊಂಡು ಬರುವುದಲ್ಲ, ನರ್ಸ್‌ಗೆ ತೋರಿಸಬೇಕು, ಅವತ್ತೇ ಡಾಕ್ಟರಿಗೆ ಫೋನ್ ಹೋಗಬೇಕು.

ಮಾತ್ರೆ ಬದಲಾದ ಸುದ್ದಿ ಇನ್ನೂ ಮುಖ್ಯ. ಬಿ.ಪಿ. ಮಾತ್ರೆ ಹೊಸದಾಗಿ ಶುರುವಾಗಿದ್ದರೆ ಅಥವಾ ಡೋಸ್ ಹೆಚ್ಚಿದ್ದರೆ ಎದ್ದು ನಿಂತಾಗ ರಕ್ತದೊತ್ತಡ ಕುಸಿಯಬಹುದು. ನೋಡುವ ವಿಧಾನ ಸುಲಭ: ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ, ನಿಲ್ಲಿಸಿ ಒಂದನೇ ನಿಮಿಷಕ್ಕೆ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಆ ದಿನ ನಿಂತು ಮಾಡುವ ವ್ಯಾಯಾಮ ಬೇಡ. ಡಾಕ್ಟರಿಗೆ ತಿಳಿಸಿ. ಮೈಯಲ್ಲಿನ ನೀರನ್ನು ಮೂತ್ರವಾಗಿ ಇಳಿಸುವ ಮಾತ್ರೆ ತೆಗೆದುಕೊಳ್ಳುವವರನ್ನು ಮಾತ್ರೆ ಕೊಟ್ಟ ಒಂದೆರಡು ಗಂಟೆಯೊಳಗೆ ಗುಂಪಿನ ನಡುವಿನ ಕುರ್ಚಿಯಲ್ಲಿ ಕೂರಿಸಬಾರದು. ಬಾತ್‌ರೂಮಿಗೆ ಅವಸರದಲ್ಲಿ ಎದ್ದಾಗಲೇ ಬೀಳುವುದು. ಬಾಗಿಲ ಹತ್ತಿರದ ಕುರ್ಚಿ ಅವರದು. ಪಾರ್ಕಿನ್ಸನ್ ಇರುವವರ ಲೆಕ್ಕ ಬೇರೆ. ಮಾತ್ರೆ ಹಿಡಿದ ಹೊತ್ತಿನಲ್ಲಿ ಕೈಕಾಲು ಸಲೀಸಾಗಿ ಆಡುತ್ತವೆ, ಅದರ ಪ್ರಭಾವ ಇಳಿದ ಹೊತ್ತಿನಲ್ಲಿ ಹೆಜ್ಜೆ ನೆಲಕ್ಕೆ ಅಂಟಿದ ಹಾಗಾಗುತ್ತದೆ. ಅಂಥವರಿಗೆ ಹತ್ತು ಗಂಟೆ ಆಗಿಬರದಿದ್ದರೆ ಹನ್ನೊಂದಕ್ಕೆ ಬೇರೆಯಾಗಿ ಮಾಡಿಸಿ.

ಏಕಾದಶಿ, ಸಂಕಷ್ಟಿ, ಗ್ರಹಣ. ಕ್ಯಾಲೆಂಡರ್ ನೋಡಿ ಇವನ್ನು ಎರಡು ದಿನ ಮೊದಲೇ ಹಲಗೆಗೆ ಹಾಕಬೇಕು. ನಮ್ಮ ಹಿರಿಯರಲ್ಲಿ ಹಲವರು ಅವತ್ತು ಊಟ ಬಿಡುತ್ತಾರೆ, ಕೆಲವರು ಹೇಳದೆಯೇ ಬಿಡುತ್ತಾರೆ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ಎಂದಿನಂತೆ ಕೊಟ್ಟು, ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿಸಿದರೆ ಬೆವರು, ನಡುಕ, ಕಣ್ಣು ಕತ್ತಲೆ. ಉಪವಾಸ ಬೇಡ ಎಂದು ವಾದ ಮಾಡುವುದರಿಂದ ಏನೂ ಸಿಗುವುದಿಲ್ಲ. ಹಾಲು, ಹಣ್ಣು, ಅವಲಕ್ಕಿ ಇವುಗಳಲ್ಲಿ ಅವರ ಮನೆತನದ ಪದ್ಧತಿಗೆ ಯಾವುದು ನಡೆಯುತ್ತದೆ ಎಂದು ಕೇಳಿ, ಡೋಸ್ ಬಗ್ಗೆ ಹಿಂದಿನ ದಿನವೇ ಡಾಕ್ಟರ್ ಹತ್ತಿರ ಮಾತಾಡಿ. ಚಟುವಟಿಕೆ ಹಾಲ್‌ನಲ್ಲೇ ಗ್ಲುಕೋಮೀಟರ್ ಮತ್ತು ಸಕ್ಕರೆ ಡಬ್ಬಿ ಇರಲಿ. ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ.

ಹಲಗೆಯನ್ನು ನೆಂಟರಿಷ್ಟರು ಓಡಾಡುವ ಜಾಗದಲ್ಲಿ ಹಾಕಬಾರದು, ಅದರ ಮೇಲೆ ಕಾಯಿಲೆಯ ಹೆಸರೂ ಬರೆಯಬಾರದು. ರೂಮ್ ನಂಬರಿನ ಪಕ್ಕ ಒಂದು ಬಣ್ಣದ ಮ್ಯಾಗ್ನೆಟ್ ಸಾಕು. ಹಸಿರು ಅಂದರೆ ನಿಂತು ಮಾಡಬಹುದು, ಹಳದಿ ಅಂದರೆ ಕೂತು ಮಾತ್ರ, ಕೆಂಪು ಅಂದರೆ ಇವತ್ತು ವಿಶ್ರಾಂತಿ.

ಇನ್ನು ವ್ಯಾಯಾಮ. ಕುರ್ಚಿಗೆ ಚಕ್ರ ಇರಬಾರದು, ಕೈ ಇರಬೇಕು, ಬೆನ್ನು ಗೋಡೆಗೆ ತಾಗಿರಬೇಕು. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. 17–18 ಇಂಚು ಎತ್ತರ ಹೆಚ್ಚಿನವರಿಗೆ ಸರಿಹೋಗುತ್ತದೆ, ಕುಳ್ಳಗಿರುವ ಅಜ್ಜಿಯರಿಗೆ ಕಾಲ ಕೆಳಗೆ ಗಟ್ಟಿ ಮಣೆ ಇಡಿ. ಆದರೆ ಎದ್ದು ನಿಲ್ಲುವ ವ್ಯಾಯಾಮಕ್ಕೆ ಮೊದಲು ಆ ಮಣೆ ತೆಗೆಯಲೇಬೇಕು, ಎಡವುವುದು ಅದಕ್ಕೇ. ಸಾಕ್ಸ್ ಹಾಕಿಕೊಂಡು ಗ್ರಾನೈಟ್ ನೆಲದ ಮೇಲೆ ಯಾರನ್ನೂ ನಿಲ್ಲಿಸಬೇಡಿ. ಹಿಂಬದಿ ಪಟ್ಟಿ ಇರುವ ಚಪ್ಪಲಿ ಬೇಕು, ಹವಾಯಿ ಆಗದು. ಸೀರೆ ನೆರಿಗೆ ಪಾದದಿಂದ ಎರಡಂಗುಲ ಮೇಲಿರಲಿ, ಪಂಚೆಯೂ ಅಷ್ಟೇ.

ಎಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ಕುರ್ಚಿಯಿಂದ ಎದ್ದು ಕೂರುವುದು. ಐದು ಸಲ, ಒಂದು ನಿಮಿಷ ವಿರಾಮ, ಮತ್ತೆ ಐದು ಸಲ. ಬಾತ್‌ರೂಮಿಗೆ ತಾವೇ ಹೋಗಿ ಬರುವ ಶಕ್ತಿ ತೊಡೆಯಲ್ಲಿದೆ. ಅದು ಹೋದ ದಿನದಿಂದ ಡೈಪರ್. ತೋಳಿಗೆ 500 ಮಿ.ಲೀ. ನೀರಿನ ಬಾಟಲಿ ಸಾಕು, ಅರ್ಧ ಕೆ.ಜಿ. ತೂಕ. ಉಸಿರು ಕಟ್ಟಿ ಹಿಡಿಯುವ ಪ್ರಾಣಾಯಾಮ, ಕಪಾಲಭಾತಿ ಬಿ.ಪಿ. ಮತ್ತು ಹೃದಯದ ತೊಂದರೆ ಇರುವವರಿಗೆ ಬೇಡ, ನಿಧಾನವಾಗಿ ಉಸಿರು ಬಿಡುವುದನ್ನು ಮಾಡಿಸಿ. ಮೂಳೆ ಸವೆದವರಿಗೆ ಮುಂದೆ ಬಗ್ಗಿ ಕಾಲು ಮುಟ್ಟಿಸುವುದೂ ಸೊಂಟ ತಿರುಚಿಸುವುದೂ ಬೇಡವೇ ಬೇಡ. ವಾರಕ್ಕೆ ಮೂರು ದಿನವಾದರೂ ಸಮತೋಲನದ ಅಭ್ಯಾಸ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಕಿಟಕಿ ಪಕ್ಕದ ಕಂಬಿ ಹಿಡಿದು ಹಿಮ್ಮಡಿ ಎತ್ತುವುದರಿಂದ ಶುರು ಮಾಡಬಹುದು.

ಆಟಗಳ ವಿಷಯದಲ್ಲಿ ಬಣ್ಣ ತುಂಬುವ ಪುಸ್ತಕ, ಮಕ್ಕಳ ಬ್ಲಾಕ್ ತಂದು ಕೊಡುವವರನ್ನು ಕಂಡರೆ ನಮಗೆ ಬೇಸರವಾಗುತ್ತದೆ. ಎಂಬತ್ತು ವರ್ಷ ಬಾಳಿದವರ ಕೈಗೆ ಅವರದೇ ಕೆಲಸ ಕೊಡಿ. ಡಿಸೆಂಬರ್, ಜನವರಿ ಬಂದರೆ ಬೆಂಗಳೂರಿನಲ್ಲಿ ಅವರೆಕಾಯಿಗಿಂತ ಒಳ್ಳೆಯ ಚಟುವಟಿಕೆ ಬೇರೆ ಯಾವುದಿದೆ? ತಲೆಗೆ ಕಾಲು ಕೆ.ಜಿ. ಸೊಗಡು ಅವರೆ, ಒಂದು ಮೊರ, ಇಪ್ಪತ್ತು ನಿಮಿಷ. ಬೆರಳಿಗೆ ವ್ಯಾಯಾಮ, ಮೂಗಿಗೆ ಸೊಗಡು, ಬಾಯಿಗೆ ಮಾತು. ರಾತ್ರಿ ನೆನೆಸಿದ ಕಾಳನ್ನು ಹಿತುಕುವುದಕ್ಕೆ ಬೆರಳ ತುದಿಯ ಬಲ ಹೆಚ್ಚು ಬೇಕು. ಗೆಣ್ಣು ಊದಿದವರಿಗೆ ಬಿಡಿಸುವ ಕೆಲಸ ಮಾತ್ರ ಕೊಡಿ. ಆ ಕಾಳು ಅವತ್ತೇ ಮಧ್ಯಾಹ್ನದ ಸಾರಿಗೆ ಬೀಳಬೇಕು, ಬಡಿಸುವವರು ‘ನೀವು ಬಿಡಿಸಿದ್ದು ಅಮ್ಮ’ ಎನ್ನಬೇಕು. ಅಡುಗೆಯವರು ಬೆಳಗಿನ ಮಾತಿನಲ್ಲಿ ಇಲ್ಲದಿದ್ದರೆ ಅವತ್ತಿನ ಮೆನು ಬೀನ್ಸ್ ಪಲ್ಯ, ಬಿಡಿಸಿದ ಕಾಳು ಫ್ರಿಜ್‌ನಲ್ಲಿ.

ಹೂ ಕಟ್ಟುವುದಕ್ಕೆ ಬಾಳೆನಾರು ಒದ್ದೆ ಇರಬೇಕು, ಒಣಗಿದರೆ ಮೊಗ್ಗು ಜಾರುತ್ತದೆ. ಬೆರಳು ನಡುಗುವವರಿಗೆ ದಪ್ಪ ಹತ್ತಿ ದಾರ ಮತ್ತು ಸೇವಂತಿಗೆ. ಚೌಕಾಬಾರಕ್ಕೆ ಐದೈದು ಮನೆಯ ಪಟವನ್ನು ಚಾರ್ಟ್ ಮೇಲೆ ಮೂರಿಂಚಿನ ಚೌಕಗಳಾಗಿ ದಪ್ಪ ಮಾರ್ಕರಿನಲ್ಲಿ ಬರೆಯಿರಿ. ಕಾಯಿಗಳನ್ನು ಬಣ್ಣದಿಂದಲ್ಲ, ಆಕಾರದಿಂದ ಬೇರೆ ಮಾಡಿ, ಪೊರೆ ಬಂದ ಕಣ್ಣಿಗೆ ನೀಲಿಯೂ ಕಪ್ಪೂ ಒಂದೇ. ನಾಲ್ಕು ಕವಡೆ ಅಂಗಾತ ಬಿದ್ದರೆ ನಾಲ್ಕು, ಎಲ್ಲ ಬೋರಲು ಬಿದ್ದರೆ ಎಂಟು. ಈ ಲೆಕ್ಕವನ್ನು ಆಯಾಗಳು ಹಿರಿಯರಿಂದಲೇ ಕಲಿಯಲಿ, ಕಲಿಸುವವರಾಗಿ ಕೂತಾಗ ಅವರ ಬೆನ್ನೇ ನೇರವಾಗುತ್ತದೆ.

ಅಳಿಗುಳಿ ಮಣೆಯಲ್ಲಿ ಒಂದು ಎಚ್ಚರಿಕೆ. ಮನೆಯಿಂದ ಬಂದ ಹಳೆಯ ಮಣೆಯ ಜೊತೆ ಗುಲಗಂಜಿ ಇದ್ದರೆ ತೆಗೆದು ಬೀಗ ಹಾಕಿ. ಅಗಿದು ನುಂಗಿದರೆ ಅದು ಪ್ರಾಣಕ್ಕೇ ಅಪಾಯದ ವಿಷ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವವರಿದ್ದರೆ ಹುಣಸೆ ಬೀಜ, ಕವಡೆ ಕೂಡ ಬೇಡ. ಮೇಜಿನ ಮೇಲೆ ಅಡಿಕೆ ಹಾಳೆಯ 14 ಬಟ್ಟಲನ್ನು ಏಳೇಳರಂತೆ ಎರಡು ಸಾಲಾಗಿ ಟೇಪ್ ಹಚ್ಚಿ ಅಂಟಿಸಿ, ಒಂದೂವರೆ ಇಂಚಿಗಿಂತ ದೊಡ್ಡ ಮರದ ಮಣಿ ಕೊಡಿ. ಆಟ ಅದೇ. ರಂಗೋಲಿಯನ್ನೂ ನೆಲದ ಮೇಲೆ ಹಾಕಿಸಬೇಡಿ. ಬಗ್ಗುವುದು ಕಷ್ಟ, ನೆಲಕ್ಕೆ ಬಿದ್ದ ಪುಡಿ ಜಾರುತ್ತದೆ. ಮೇಜಿನ ಮೇಲೆ ಕಪ್ಪು ರಟ್ಟು ಇಟ್ಟರೆ ಚುಕ್ಕಿಯೂ ಚೆನ್ನಾಗಿ ಕಾಣುತ್ತದೆ. ಹಬ್ಬದ ಆರತಿ, ಕರ್ಪೂರ, ದೀಪ ಇವು ಆಕ್ಸಿಜನ್ ಹಾಕಿಕೊಂಡವರಿಂದ ಕನಿಷ್ಠ ಹತ್ತು ಅಡಿ ದೂರ.

ಸಂಜೆಯ ಕುರುಕಲಿಗೆ ಬಂದರೆ, ಪಾರ್ಶ್ವವಾಯು ಆಗಿ ನುಂಗುವುದು ಕಷ್ಟವಾದವರ ಮುಂದೆ ಚುರುಮುರಿ, ಕಡಲೆಕಾಯಿ, ಕೋಡುಬಳೆ ಇಡಬಾರದು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಪರಿಷೆಯಿಂದ ನೆಂಟರು ಕಡಲೆಕಾಯಿ ಹೊತ್ತು ತರುತ್ತಾರೆ, ಆ ವಾರ ಇದನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆಯಿರಿ. ಲಾಲ್‌ಬಾಗ್‌ಗೆ ಕರೆದೊಯ್ಯುವುದಾದರೆ ಜನವರಿ, ಆಗಸ್ಟಿನ ಫಲಪುಷ್ಪ ಪ್ರದರ್ಶನದ ದಿನಗಳನ್ನು ಬಿಟ್ಟು ವಾರದ ನಡುವಿನ ಬೆಳಗ್ಗೆ ಹೋಗಿ. ಒಂದು ವೀಲ್‌ಚೇರಿಗೆ ಒಬ್ಬರು ಸಿಬ್ಬಂದಿ, ಅದಕ್ಕಿಂತ ಕಡಿಮೆ ಇದ್ದರೆ ಬೇಡ.

ಸಿಬ್ಬಂದಿಯ ಸುದ್ದಿ ಹಿರಿಯರಿಗೂ ಸೇರಿದ್ದು. ದಿನವೂ ಸ್ನಾನ ಮಾಡಿಸುವ ಹುಡುಗಿ ಹೇಳದೆ ಊರಿಗೆ ಹೋದರೆ ಅಜ್ಜಿಗೆ ಅದು ರಜೆಯಲ್ಲ, ಯಾರೋ ಬಿಟ್ಟುಹೋದ ಹಾಗೆ. ಹೊರಡುವ ಮುಂಚೆ ಅವಳೇ ಬಂದು ಹೇಳಬೇಕು. ಬದಲಿಗೆ ಬರುವವಳು ಎರಡು ದಿನ ಅವಳ ಜೊತೆಗೇ ಇದ್ದು ನೀರಿನ ಬಿಸಿ ಎಷ್ಟು, ತಲೆಗೆ ಎಣ್ಣೆ ಯಾವ ದಿನ, ಯಾವ ಕಾಲು ನೋಯುತ್ತದೆ ಎಂದು ಕಲಿಯಬೇಕು. ಊಟದ ಹಾಲ್‌ನಲ್ಲಿ ಎಲ್ಲ ಸಿಬ್ಬಂದಿಯ ಫೋಟೊ, ದೊಡ್ಡ ಅಕ್ಷರದಲ್ಲಿ ಹೆಸರು, ಕೆಳಗೆ ‘ಇಂದು ಇದ್ದಾರೆ’ ಅಥವಾ ‘ಊರಿಗೆ ಹೋಗಿದ್ದಾರೆ’ ಎಂಬ ಚೀಟಿ ಇರಲಿ. ಹಿರಿಯರಲ್ಲಿ ಒಬ್ಬರು ತೀರಿಕೊಂಡರೂ ಮುಚ್ಚಿಡಬೇಡಿ. ಖಾಲಿ ಕುರ್ಚಿ ಎಲ್ಲರಿಗೂ ಕಾಣುತ್ತದೆ. ಅವರ ಫೋಟೊ ಮುಂದೆ ಒಂದು ಹೂ ಇಡಲು ಜೊತೆಯವರಿಗೆ ಅವಕಾಶ ಕೊಡಿ.

ಅಸ್ಸಾಂ, ಒಡಿಶಾ, ಮಣಿಪುರದಿಂದ ಬಂದ ಹುಡುಗ ಹುಡುಗಿಯರು ಈ ಊರಿನಲ್ಲಿ ಇಂಥ ಕೆಲಸ ಎಷ್ಟೋ ಮಾಡುತ್ತಿದ್ದಾರೆ. ಮೊದಲ ವಾರವೇ ಅವರಿಗೆ ಇಪ್ಪತ್ತು ಕನ್ನಡ ಮಾತು ಕಲಿಸಿ: ನೋವು, ಎಲ್ಲಿ, ನೀರು ಬೇಕಾ, ಬಾತ್‌ರೂಮಿಗೆ ಹೋಗಬೇಕಾ, ನಿಧಾನ, ತಲೆ ಸುತ್ತುತ್ತಾ, ಸಾಕಾ. ವಯಸ್ಸಿನ ಕಿವಿಗೆ ಕೀರಲು ದನಿ ಕೇಳುವುದಿಲ್ಲ. ಕಿರುಚುವ ಬದಲು ಎದುರಿಗೆ ಬಂದು, ಮುಖದ ಮೇಲೆ ಬೆಳಕಿರುವಂತೆ ನಿಂತು, ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಲಿ. ಎಲ್ಲರನ್ನೂ ‘ಅಜ್ಜಿ’ ಎಂದು ಕರೆಯುವುದೂ ಸಲ್ಲದು. ಮೂವತ್ತು ವರ್ಷ ಪಾಠ ಮಾಡಿದವರಿಗೆ ‘ಮೇಷ್ಟ್ರೇ’, ‘ಟೀಚರ್’ ಎಂದರೆ ತಲೆ ಎತ್ತುತ್ತಾರೆ. ಯಾರಿಗೆ ಯಾವ ಕರೆ ಇಷ್ಟ ಎಂಬುದು ಅವರ ಕಡತದ ಮೊದಲ ಸಾಲಿನಲ್ಲಿರಬೇಕು.

ಆಯಾಗಳ ಬೆನ್ನೂ ಆರೈಕೆಯ ಭಾಗವೇ. ಹಾಸಿಗೆಯನ್ನು ತಮ್ಮ ಸೊಂಟದ ಎತ್ತರಕ್ಕೆ ಏರಿಸಿ ಬಟ್ಟೆ ಬದಲಾಯಿಸಲಿ, ಹಿರಿಯರನ್ನು ಮೇಲಕ್ಕೆ ಸರಿಸುವಾಗ ಇಬ್ಬರು ಜಾರುಶೀಟ್ (ಮೈಕೆಳಗೆ ಹಾಸಿ ಸರಿಸುವ ನುಣುಪು ಬಟ್ಟೆ) ಹಿಡಿಯಲಿ. ಕಂಕುಳಿಗೆ ಕೈಹಾಕಿ ಎಳೆದರೆ ಹಿರಿಯರ ಭುಜವೂ ಹೋಗುತ್ತದೆ, ಎಳೆದವರ ಸೊಂಟವೂ ಹೋಗುತ್ತದೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿ. ಕೆಮ್ಮು, ಜ್ವರ ಇದ್ದರೆ ಸಂಬಳ ಕಡಿಯದೆ ರಜೆ ಕೊಡಿ. ಸಂಬಳ ಕಡಿದರೆ ಅವರು ಕೆಮ್ಮು ಬಚ್ಚಿಟ್ಟುಕೊಂಡು ಬರುತ್ತಾರೆ, ವಾರದಲ್ಲಿ ಇಡೀ ಮಹಡಿ ಮಲಗುತ್ತದೆ.

ಸಂಜೆ ರಿಜಿಸ್ಟರಿನಲ್ಲಿ ‘ಭಾಗವಹಿಸಿದರು’ ಎಂದು ಬರೆದರೆ ಏನೂ ಬರೆದ ಹಾಗಲ್ಲ. ‘ಎಂಟು ಸಲ ಎದ್ದರು, ಹೋದ ವಾರ ಹತ್ತು. ಎಡಗಾಲು ಎಳೆಯುತ್ತಿದ್ದರು. ಹಾಡಿನಲ್ಲಿ ಎರಡು ಚರಣ ಹೇಳಿದರು. ಮಧ್ಯಾಹ್ನ ಮಲಗಲಿಲ್ಲ’ ಎಂದು ಬರೆಯಿರಿ. ಎಂಟು ಗಂಟೆಗೆ ಬರುವ ನೈಟ್ ಸಿಸ್ಟರ್ ಇದನ್ನು ಓದಿ ಆ ಮಂಚದ ಪಕ್ಕದಲ್ಲಿ ವಾಕರ್ ಇಟ್ಟು, ಬಾತ್‌ರೂಮಿನ ದೀಪ ಉರಿಸಿಡುತ್ತಾರೆ.